ಮನೆಯ ಲೆಕ್ಕ: ಕಂಪ್ಯೂಟರಿನ ಹೊಸ ವ್ಯವಸ್ಥೆಗೆ ಎಷ್ಟು ಡಾಲರ್?



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ತೆರಿಗೆ, ವಿಮೆ, ಊರಿಗೆ ಹೋಗುವ ವಿಮಾನದ ಟಿಕೆಟ್ಟು ಮುಂತಾದ ಮನೆಯ ಲೆಕ್ಕದ ವಿಷಯಗಳನ್ನು ಬರೆಯುತ್ತ ಬಂದಿದ್ದೇವೆ. ಈ ಸಲ ಕಂಪ್ಯೂಟರಿನ ಸರದಿ. ರಾಜ್ಯೋತ್ಸವದ ಊಟದ ಸಾಲಿನಲ್ಲಿ, ಮಕ್ಕಳ ಕನ್ನಡ ತರಗತಿಯ ಬಾಗಿಲಲ್ಲಿ, ಫೋನಿನಲ್ಲಿ, ಎಲ್ಲ ಕಡೆಯೂ ಸದಸ್ಯರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ನಮ್ಮ ವಿಂಡೋಸ್ 10ರ ಆಯುಸ್ಸು ಮುಗಿಯಿತಂತೆ. ಈಗ ಏನು ಮಾಡಬೇಕು? ಎಷ್ಟು ಖರ್ಚು ಬರುತ್ತೆ?" ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರ ಹೇಳುವುದಕ್ಕಿಂತ ಎಲ್ಲರಿಗೂ ಸೇರಿಸಿ ಒಮ್ಮೆ ಬರೆದುಬಿಡುವುದೇ ಮೇಲೆಂದು ತೋರಿತು.

ಮೊದಲೇ ಹೇಳಿಬಿಡುತ್ತೇವೆ. ಬಹುಪಾಲು ಮನೆಗಳಲ್ಲಿ ಈ ಕೆಲಸಕ್ಕೆ ಒಂದು ಸೆಂಟೂ ಬೇಕಾಗಿಲ್ಲ. ಆದರೆ ವಿಷಯ ತಿಳಿಯದೆ ಅಂಗಡಿಗೆ ಹೋದವರು ನೂರಾರು ಡಾಲರ್ ಕಳೆದುಕೊಳ್ಳಬಹುದು. ಏನೂ ಮಾಡದೆ ಸುಮ್ಮನಿದ್ದವರು ಅದಕ್ಕಿಂತ ಹೆಚ್ಚಿನದನ್ನೇ ಕಳೆದುಕೊಳ್ಳಬಹುದು. ಆದುದರಿಂದ ಸ್ವಲ್ಪ ಸಾವಧಾನವಾಗಿ ಓದಿರಿ.

ಆಯುಸ್ಸು ಮುಗಿಯಿತು ಎಂದರೇನು?

ಆಪರೇಟಿಂಗ್ ಸಿಸ್ಟಮ್ ಎಂಬುದು ಕಂಪ್ಯೂಟರಿನ ಮನೆವಾರ್ತೆ ನೋಡಿಕೊಳ್ಳುವ ಯಜಮಾನನಿದ್ದಂತೆ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರ ತೆರೆಯ ಮೇಲೆ ಮೂಡುವುದು, ಫೋಟೋ ಡಿಸ್ಕಿನಲ್ಲಿ ಉಳಿಯುವುದು, ಪ್ರಿಂಟರು ಕಾಗದ ಎಳೆದುಕೊಳ್ಳುವುದು, ಎಲ್ಲವೂ ಅವನ ಅಪ್ಪಣೆಯಂತೆಯೇ. ಕಳ್ಳಕಾಕರು ಒಳನುಗ್ಗದಂತೆ ಬಾಗಿಲು ಕಾಯುವವನೂ ಅವನೇ. ಬಾಗಿಲಲ್ಲಿ ಎಲ್ಲೋ ಒಂದು ಬಿರುಕು ಕಂಡಾಗ ಅದನ್ನು ಮುಚ್ಚಲು ತಯಾರಕರು ತಿಂಗಳಿಗೊಮ್ಮೆ ತೇಪೆ ಕಳಿಸುತ್ತಾರೆ. ಮೈಕ್ರೋಸಾಫ್ಟಿನವರು ಪ್ರತಿ ತಿಂಗಳ ಎರಡನೆಯ ಮಂಗಳವಾರ ಕಳಿಸುವುದು ಇದನ್ನೇ.

2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ ಈ ಉಚಿತ ತೇಪೆಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಅಂದು ಕಂಪ್ಯೂಟರ್ ನಿಲ್ಲಲಿಲ್ಲ, ಫೈಲುಗಳು ಅಳಿಯಲಿಲ್ಲ. ಮರುದಿನವೂ ಎಂದಿನಂತೆ ಓಡಿತು. ಇದರಿಂದಲೇ ಅನೇಕರು, "ಏನೂ ಆಗಲಿಲ್ಲವಲ್ಲ, ಸುಮ್ಮನೆ ಹೆದರಿಸಿದರು" ಎಂದು ತಿಳಿದಿದ್ದಾರೆ. ಕಾವಲುಗಾರ ಕೆಲಸ ಬಿಟ್ಟ ರಾತ್ರಿಯೇ ಕಳ್ಳ ಬರಬೇಕೆಂದಿಲ್ಲ. ಆದರೆ ಆಮೇಲೆ ಕಾಣಿಸಿಕೊಳ್ಳುವ ಪ್ರತಿ ಬಿರುಕೂ ತೆರೆದೇ ಇರುತ್ತದೆ. ಬ್ಯಾಂಕಿನ ಲೆಕ್ಕ, ತೆರಿಗೆಯ ಕಾಗದ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರುವ ಯಂತ್ರವನ್ನು ಹಾಗೆ ಬಿಡುವುದು ಜಾಣತನವಲ್ಲ. ಆಫೀಸ್ 2016 ಮತ್ತು 2019ಕ್ಕೂ ಅದೇ ದಿನ ಆಸರೆ ನಿಂತಿತೆಂಬುದನ್ನೂ ನೆನಪಿಡಿ.

ಇದು ಹೊಸ ಸಂಗತಿಯೇನೂ ಅಲ್ಲ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಹೀಗೆಯೇ ತೆರೆ ಬಿದ್ದಿತ್ತು.

ಬೆಲೆಯ ಹಳೆಯ ಕಥೆ

ನಮ್ಮಲ್ಲಿ ಹಿರಿಯರಾದ ಸದಸ್ಯರಿಗೆ 1995ರ ಆಗಸ್ಟ್ 24 ನೆನಪಿರಬಹುದು. ವಿಂಡೋಸ್ 95 ಕೊಳ್ಳಲು ಜನ ನಡುರಾತ್ರಿ ಅಂಗಡಿಯ ಮುಂದೆ ಸಾಲು ನಿಂತಿದ್ದರು. ಹಳೆಯ ವಿಂಡೋಸ್ ಇದ್ದವರಿಗೆ ಅದರ ಬೆಲೆ 109 ಡಾಲರ್ 95 ಸೆಂಟ್. ಇಲ್ಲದವರಿಗೆ 209 ಡಾಲರ್ 95 ಸೆಂಟ್. ಹಣ ಕೊಟ್ಟರೆ ಕೈಗೊಂದು ಪೆಟ್ಟಿಗೆ ಬರುತ್ತಿತ್ತು. ಪೆಟ್ಟಿಗೆಯಲ್ಲಿ ಡಿಸ್ಕು, ಪುಸ್ತಕ. ಕೊಟ್ಟ ಹಣಕ್ಕೆ ಏನು ಬಂತೆಂಬುದು ಕಣ್ಣಿಗೆ ಕಾಣುತ್ತಿತ್ತು.

2009ರಲ್ಲಿ ವಿಂಡೋಸ್ 7 ಬಂದಾಗ ಹೋಮ್ ಪ್ರೀಮಿಯಮ್‌ಗೆ ಏರುವ ಬೆಲೆ 119 ಡಾಲರ್ 99 ಸೆಂಟ್. 2012ರ ಕೊನೆಗೆ ಬಂದ ವಿಂಡೋಸ್ 8 ಪ್ರೋವನ್ನು ಮೊದಲ ಮೂರು ತಿಂಗಳು 39 ಡಾಲರ್ 99 ಸೆಂಟಿಗೆ ಕೊಟ್ಟರು. 2015ರಲ್ಲಿ ವಿಂಡೋಸ್ 10 ಬಂದಾಗ, 7 ಅಥವಾ 8.1 ಇದ್ದವರಿಗೆ ಒಂದು ವರ್ಷದ ಕಾಲ ಪೂರ್ತಿ ಉಚಿತ.

ಆಪಲ್ಲಿನವರ ಕಥೆಯೂ ಇದೇ ಜಾಡಿನದು. 2001ರಲ್ಲಿ ಮೊದಲ ಮ್ಯಾಕ್ ಓಎಸ್ ಟೆನ್ 129 ಡಾಲರ್. 2009ರ ಸ್ನೋ ಲೆಪರ್ಡ್ 29 ಡಾಲರ್. 2012ರ ಮೌಂಟನ್ ಲಯನ್ 19 ಡಾಲರ್ 99 ಸೆಂಟ್. 2013ರ ಅಕ್ಟೋಬರಿನಲ್ಲಿ ಬಂದ ಮ್ಯಾವರಿಕ್ಸಿನಿಂದ ಈಚೆಗೆ ಎಲ್ಲವೂ ಉಚಿತ.

ಬೆಲೆ ಇಳಿಯುತ್ತ ಇಳಿಯುತ್ತ ಸೊನ್ನೆಗೆ ಬಂತು. ವ್ಯಾಪಾರಿಗಳು ಧರ್ಮಛತ್ರ ತೆರೆದರೆಂದು ಇದರ ಅರ್ಥವಲ್ಲ. ಬೆಲೆ ಪೆಟ್ಟಿಗೆಯಿಂದ ಎದ್ದು ಬೇರೆ ಕಡೆ ಹೋಗಿ ಕುಳಿತಿದೆ, ಅಷ್ಟೆ. 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11 ಕೂಡ ವಿಂಡೋಸ್ 10 ಇದ್ದವರಿಗೆ ಉಚಿತವೇ; ಆದರೆ ಅದನ್ನು ಹಾಕಿಕೊಳ್ಳಲು ಯಂತ್ರ ಹೊಸದಾಗಿರಬೇಕು. ಗುಳಿಗೆ ಪುಕ್ಕಟೆ, ಪಥ್ಯ ದುಬಾರಿ ಎಂದಂತಾಯಿತು. ಇದೊಂದು ಮಾತು ತಿಳಿದರೆ ಮಿಕ್ಕಿದ್ದೆಲ್ಲ ಸುಲಭ.

ಮೊದಲು ನಿಮ್ಮ ಯಂತ್ರವನ್ನು ತಿಳಿಯಿರಿ

ಯಾವ ದಾರಿ ಹಿಡಿಯಬೇಕೆಂಬುದು ನಿಮ್ಮ ಯಂತ್ರದ ವಯಸ್ಸಿನ ಮೇಲೆ ನಿಂತಿದೆ. ವಿಂಡೋಸ್ 11 ಕೇಳುವುದು ಇಷ್ಟು: 4 ಜಿಬಿ ಮೆಮೊರಿ, 64 ಜಿಬಿ ಡಿಸ್ಕ್, ಸೆಕ್ಯೂರ್ ಬೂಟ್ ಸೌಲಭ್ಯ, ಟಿಪಿಎಂ 2.0 ಎಂಬ ಭದ್ರತೆಯ ಭಾಗ, ಮತ್ತು ಅವರ ಪಟ್ಟಿಯಲ್ಲಿರುವ ಪ್ರಾಸೆಸರ್. ಸ್ಥೂಲವಾಗಿ ಹೇಳುವುದಾದರೆ ಇಂಟೆಲ್‌ನ 8ನೆಯ ತಲೆಮಾರು ಅಥವಾ ಈಚಿನದು, ಎಎಂಡಿಯಲ್ಲಿ ರೈಜನ್ 2000 ಸಾಲು ಅಥವಾ ಈಚಿನದು. ಇಂಟೆಲ್‌ನ 8ನೆಯ ತಲೆಮಾರು ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಆದುದರಿಂದ 2018ರ ನಂತರ ಕೊಂಡ ಯಂತ್ರವಾದರೆ ಬಹುಮಟ್ಟಿಗೆ ಪಾಸು. 2016ಕ್ಕಿಂತ ಹಿಂದಿನದಾದರೆ ನಪಾಸು. ನಡುವಿನದನ್ನು ಪರೀಕ್ಷಿಸಿಯೇ ತಿಳಿಯಬೇಕು.

ಪರೀಕ್ಷೆಗೆ ಮೈಕ್ರೋಸಾಫ್ಟಿನವರದೇ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಸಾಧನವಿದೆ. ಒತ್ತಿದರೆ ಆಗುತ್ತದೆಯೇ ಇಲ್ಲವೇ, ಆಗದಿದ್ದರೆ ಏಕೆ ಎಂದು ಹೇಳುತ್ತದೆ. ಒಂದು ಕಿವಿಮಾತು: "ಟಿಪಿಎಂ ಇಲ್ಲ" ಎಂಬ ಉತ್ತರ ಬಂದ ಕೂಡಲೇ ಕೈಚೆಲ್ಲಬೇಡಿ. ಎಷ್ಟೋ ಯಂತ್ರಗಳಲ್ಲಿ ಅದು ಇದ್ದೂ ನಿದ್ದೆ ಮಾಡುತ್ತಿರುತ್ತದೆ. ಯಂತ್ರ ಏಳುವಾಗ ಬರುವ ಬಯೋಸ್ ಪಟ್ಟಿಯಲ್ಲಿ ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿರುವುದನ್ನು ಚಾಲೂ ಮಾಡಿದರೆ ಸಾಕು. ಗೊತ್ತಿಲ್ಲದವರು ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿರಿ.

ದಾರಿ ಒಂದು: ಉಚಿತವಾಗಿ ವಿಂಡೋಸ್ 11

ಯಂತ್ರ ಪಾಸಾದರೆ ಮುಂದೆ ಯೋಚಿಸುವುದೇ ಬೇಡ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದರೆ ಕರೆ ಅಲ್ಲೇ ಕಾಯುತ್ತಿರುತ್ತದೆ. ಖರ್ಚು ಸೊನ್ನೆ. ಫೈಲುಗಳೂ ಪ್ರೋಗ್ರಾಮುಗಳೂ ಇದ್ದಲ್ಲೇ ಇರುತ್ತವೆ. ಆದರೂ ಮೊದಲು ಒಂದು ಹೊರಗಿನ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿಕೊಳ್ಳಿ. ಊರಿಗೆ ಹೊರಡುವಾಗ ಪಾಸ್‌ಪೋರ್ಟಿನ ಜೆರಾಕ್ಸ್ ಬೇರೆ ಚೀಲದಲ್ಲಿ ಇಡುವುದಿಲ್ಲವೇ, ಹಾಗೆ. ಹಿಡಿಸದಿದ್ದರೆ ಹತ್ತು ದಿನಗಳೊಳಗೆ ವಿಂಡೋಸ್ 10ಕ್ಕೆ ಮರಳುವ ಅವಕಾಶವೂ ಇದೆ.

4 ಜಿಬಿ ಮೆಮೊರಿ ಸಾಕೆಂದು ನಿಯಮ ಹೇಳಿದರೂ 8 ಜಿಬಿ ಇಲ್ಲದೆ ಕೆಲಸ ಸುಖವಾಗುವುದಿಲ್ಲ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ. ಹೊಸ ಯಂತ್ರ ಕೊಳ್ಳಬೇಕೆಂಬ ಆಸೆ ಅದರಿಂದಲೇ ಎಷ್ಟೋ ಸಲ ಅಡಗುತ್ತದೆ.

ಹೋಮ್ ಬೇಕೆ, ಪ್ರೋ ಬೇಕೆ ಎಂದು ಕೇಳುವವರಿದ್ದಾರೆ. ಈಗ ಹೋಮ್ ಇದ್ದವರಿಗೆ ಉಚಿತವಾಗಿ ಬರುವುದು ಹೋಮ್. ಪ್ರೋ ಇದ್ದವರಿಗೆ ಪ್ರೋ. ಹೋಮ್‌ನಿಂದ ಪ್ರೋಗೆ ಏರಲು ಮೈಕ್ರೋಸಾಫ್ಟ್ ಸ್ಟೋರಿನ ಬೆಲೆ 99 ಡಾಲರ್. ಅಷ್ಟಕ್ಕೆ ಸಿಗುವುದು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ಪೂರ್ಣ ರೂಪ, ದೂರದಿಂದ ಈ ಯಂತ್ರದೊಳಗೆ ಬಂದು ಕೆಲಸ ಮಾಡುವ ರಿಮೋಟ್ ಡೆಸ್ಕ್‌ಟಾಪ್, ಕಚೇರಿಗಳಿಗೆ ಬೇಕಾದ ಇನ್ನು ಕೆಲವು ಹಿಡಿತಗಳು. ಪತ್ರ ಬರೆಯಲು, ಊರಿನವರ ಮುಖ ನೋಡಿ ಮಾತನಾಡಲು, ತೆರಿಗೆ ತುಂಬಲು ಇದಾವುದೂ ಬೇಕಿಲ್ಲ. ಮನೆಗೆ ಹೋಮ್ ಸಾಕು.

ಹೊಸದಾಗಿ ಕೊಳ್ಳುವವರಿಗೆ ಪಟ್ಟಿಯ ಬೆಲೆ ಹೋಮ್‌ಗೆ 139 ಡಾಲರ್, ಪ್ರೋಗೆ 199 ಡಾಲರ್. ಯಂತ್ರವನ್ನು ಬಿಡಿಭಾಗಗಳಿಂದ ತಾವೇ ಜೋಡಿಸಿಕೊಳ್ಳುವವರಿಗೆ ಇದು ಬೇಕು. ಹೀಗೆ ಚಿಲ್ಲರೆಯಾಗಿ ಕೊಂಡ ಲೈಸೆನ್ಸನ್ನು ಮುಂದೆ ಇನ್ನೊಂದು ಯಂತ್ರಕ್ಕೆ ಒಯ್ಯಬಹುದು; ಯಂತ್ರದೊಡನೆಯೇ ಬಂದ ಲೈಸೆನ್ಸು ಆ ಯಂತ್ರದೊಡನೆಯೇ ಸಹಗಮನ ಮಾಡುತ್ತದೆ. ಹತ್ತು-ಹದಿನೈದು ಡಾಲರಿಗೆ ಕೀಲಿಸಂಖ್ಯೆ ಮಾರುವವರೂ ಇದ್ದಾರೆ. ಅದು ಯಾವುದೋ ಕಂಪನಿಯ ಪಾಲಿನದೋ, ಕದ್ದದ್ದೋ ತಿಳಿಯುವುದಿಲ್ಲ; ಯಾವತ್ತಾದರೂ ರದ್ದಾಗಬಹುದು. ಹಳೆಯ ವಿಂಡೋಸ್ 7 ಡಬ್ಬಿಯ ಸಂಖ್ಯೆಯಿಂದ ಹೊಸದನ್ನು ತೆರೆಯುವ ಹಳೆಯ ಉಪಾಯವನ್ನು ಮೈಕ್ರೋಸಾಫ್ಟಿನವರು 2023ರ ಸೆಪ್ಟೆಂಬರಿನಲ್ಲಿ ಮುಚ್ಚುವುದಾಗಿ ಪ್ರಕಟಿಸಿದರು. ಅಟ್ಟದ ಮೇಲಿನ ಡಬ್ಬಿಯನ್ನು ನಂಬಿ ಕೂರಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಹಣ ಕೊಟ್ಟು ಲೈಸೆನ್ಸ್ ಕೊಂಡ ಮಾತ್ರಕ್ಕೆ ನಪಾಸಾದ ಯಂತ್ರ ಪಾಸಾಗುವುದಿಲ್ಲ. ಇದನ್ನು ಅಂಗಡಿಯವರು ಯಾವಾಗಲೂ ಹೇಳುವುದಿಲ್ಲ.

ದಾರಿ ಎರಡು: ಒಂದು ವರ್ಷದ ವಾಯಿದೆ

ಯಂತ್ರ ನಪಾಸಾಯಿತು, ಆದರೆ ಚೆನ್ನಾಗಿಯೇ ಓಡುತ್ತಿದೆ ಎನ್ನುವವರಿಗಾಗಿ ಮೈಕ್ರೋಸಾಫ್ಟಿನವರು ಒಂದು ವಾಯಿದೆಯ ಯೋಜನೆ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಇಎಸ್‌ಯು ಎನ್ನುತ್ತಾರೆ. ಅವರು ಅಂದು ಹೇಳಿದಂತೆ ಮನೆಯ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ತೇಪೆಗಳು ಸಿಗುತ್ತವೆ. ಹೊಸ ಸೌಲಭ್ಯಗಳಿಲ್ಲ, ಫೋನಿನಲ್ಲಿ ಸಹಾಯವಿಲ್ಲ; ಬಾಗಿಲ ಬಿರುಕು ಮುಚ್ಚುವುದು ಮಾತ್ರ.

ಇದಕ್ಕೆ ಬೆಲೆ ತೆರುವ ರೀತಿ ಮೂರು. ಒಂದು, 30 ಡಾಲರ್ ಕೊಡುವುದು. ಎರಡು, ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ 1000 ಅಂಕ ಕೊಡುವುದು. ಮೂರು, ನಿಮ್ಮ ಸೆಟ್ಟಿಂಗುಗಳನ್ನು ಅವರ ಒನ್‌ಡ್ರೈವಿಗೆ ನಕಲಾಗಲು ಬಿಡುವುದು, ಇದಕ್ಕೆ ಹಣವಿಲ್ಲ. ಮೂರರಲ್ಲಿ ಯಾವುದಾದರೂ ಮೈಕ್ರೋಸಾಫ್ಟ್ ಖಾತೆ ಮಾತ್ರ ಇರಲೇಬೇಕು. ಇಲ್ಲಿಯೂ ಬೆಲೆ ಬೇರೆ ಕಡೆ ಹೋಗಿ ಕೂತಿರುವುದನ್ನು ಗಮನಿಸಿ: ಡಾಲರ್ ಕೊಡದವರು ತಮ್ಮ ಮನೆಯ ಮಾಹಿತಿಯ ಒಂದಿಷ್ಟನ್ನು ಅವರ ಉಗ್ರಾಣದಲ್ಲಿ ಇಡುತ್ತಾರೆ. ಒನ್‌ಡ್ರೈವಿನಲ್ಲಿ ಉಚಿತ ಜಾಗ 5 ಜಿಬಿ ಮಾತ್ರ; ಫೋಟೋಗಳನ್ನೂ ಅಲ್ಲಿಗೆ ಬಿಟ್ಟರೆ ಬೇಗ ತುಂಬುತ್ತದೆ, ಆಮೇಲೆ ತಿಂಗಳ ಬಾಡಿಗೆ ಕೇಳುತ್ತಾರೆ. ಸೆಟ್ಟಿಂಗುಗಳಷ್ಟನ್ನೇ ಆರಿಸಿಕೊಂಡರೆ ಆ ತೊಂದರೆಯಿಲ್ಲ.

ಒಂದು ಖಾತೆಯ ಒಂದು 30 ಡಾಲರ್ ಲೈಸೆನ್ಸು ಹತ್ತು ಯಂತ್ರಗಳವರೆಗೆ ಸಲ್ಲುತ್ತದೆ. ಆದುದರಿಂದ ಮನೆಯಲ್ಲಿ ಮೂರು ಯಂತ್ರವಿದ್ದರೆ 90 ಡಾಲರ್ ಕೊಡಬೇಡಿ. ಯಂತ್ರದಲ್ಲಿ ವಿಂಡೋಸ್ 10ರ 22ಎಚ್2 ಎಂಬ ಕೊನೆಯ ಆವೃತ್ತಿ ಇರಬೇಕು. ತಡವಾಗಿ ಸೇರಿದವರಿಗೂ ಹಿಂದಿನ ತೇಪೆಗಳು ಸಿಗುತ್ತವೆ, ಆದರೆ ಮುಗಿಯುವ ದಿನ ಎಲ್ಲರಿಗೂ ಒಂದೇ. ಜರ್ಮನಿ ಮೊದಲಾದ ಐರೋಪ್ಯ ದೇಶಗಳಲ್ಲಿರುವ ನಮ್ಮ ನೆಂಟರಿಷ್ಟರಿಗೆ ನಕಲಿನ ಷರತ್ತೂ ಇಲ್ಲದೆ ಉಚಿತ. ಅರವತ್ತು ದಿನಕ್ಕೊಮ್ಮೆಯಾದರೂ ಖಾತೆಯಿಂದ ಒಳಹೊಕ್ಕರೆ ಸಾಕು. ಸ್ವಂತ ಕಚೇರಿ, ಕ್ಲಿನಿಕ್ ನಡೆಸುವ ಸದಸ್ಯರಿಗೆ ಲೆಕ್ಕ ಬೇರೆ: ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಎರಡನೆಯ ವರ್ಷ ಅದರ ಎರಡರಷ್ಟು, ಮೂರನೆಯ ವರ್ಷ ಮತ್ತೆ ಅದರ ಎರಡರಷ್ಟು. ಕೂಡಿಸಿದರೆ 427 ಡಾಲರ್. ಆ ಹಣಕ್ಕೆ ಹೊಸ ಯಂತ್ರವೇ ಬರಬಹುದು.

ವಾಯಿದೆ ಎಂದರೆ ವಾಯಿದೆ, ಸಾಲ ತೀರಿದಂತಲ್ಲ. ಆ ವರ್ಷವನ್ನು ಮುಂದಿನ ಏರ್ಪಾಡಿಗೆ ಬಳಸಿಕೊಳ್ಳಬೇಕು.

ದಾರಿ ಮೂರು: ಬೇರೆ ಯಜಮಾನ

ವಿಂಡೋಸ್ ಇಲ್ಲದೆಯೂ ಯಂತ್ರ ಓಡುತ್ತದೆ ಎಂದರೆ ಕೆಲವರು ನಂಬುವುದಿಲ್ಲ. ಲಿನಕ್ಸ್ ಎಂಬುದು 1991ರಿಂದ ಬೆಳೆದುಬಂದ ಉಚಿತ ವ್ಯವಸ್ಥೆ. ಅದರಲ್ಲಿ ವಿಂಡೋಸಿಗೆ ಹೊಂದಿಕೊಂಡವರಿಗೆ ಸುಲಭವಾದದ್ದು ಲಿನಕ್ಸ್ ಮಿಂಟ್. 4 ಜಿಬಿ ಮೆಮೊರಿ ಇದ್ದರೆ ಹಾಯಾಗಿ ನಡೆಯುತ್ತದೆ. ಹತ್ತು-ಹನ್ನೆರಡು ವರ್ಷದ ಯಂತ್ರಕ್ಕೂ ಆಗಬಹುದು. ಅದರ 22ನೆಯ ಸರಣಿಗೆ 2029ರವರೆಗೆ ತೇಪೆಗಳಿವೆ. ಬೆಲೆ ಸೊನ್ನೆ, ಖಾತೆ ತೆರೆಯಬೇಕೆಂಬ ಒತ್ತಾಯವೂ ಇಲ್ಲ. ಮೊದಲು ಯುಎಸ್‌ಬಿ ಕಡ್ಡಿಯಿಂದಲೇ ನಡೆಸಿ ನೋಡಬಹುದು. ಹಿಡಿಸದಿದ್ದರೆ ಕಡ್ಡಿ ಕೀಳಿರಿ, ಹಳೆಯ ವಿಂಡೋಸ್ ಹಾಗೆಯೇ ಇರುತ್ತದೆ. ಬರವಣಿಗೆಗೆ, ಲೆಕ್ಕಕ್ಕೆ ಲಿಬ್ರೆ ಆಫೀಸ್ ಜೊತೆಯಲ್ಲೇ ಬರುತ್ತದೆ. ಆದರೆ ತೆರಿಗೆಯ ಪ್ರೋಗ್ರಾಮನ್ನು ಡಿಸ್ಕಿಗೆ ಹಾಕಿಕೊಂಡು ಬಳಸುವವರು, ಮೈಕ್ರೋಸಾಫ್ಟ್ ಆಫೀಸೇ ಬೇಕೆನ್ನುವವರು ಇದಕ್ಕೆ ಕೈಹಾಕುವ ಮುನ್ನ ಯೋಚಿಸಬೇಕು.

ಬ್ರೌಸರ್ ಒಂದಿದ್ದರೆ ಸಾಕು ಎನ್ನುವವರಿಗೆ ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಉಂಟು. ಅದೂ ಉಚಿತ, 4 ಜಿಬಿ ಮೆಮೊರಿ, 16 ಜಿಬಿ ಜಾಗ ಸಾಕು. ಆದರೆ ಇದರಲ್ಲಿ ಎಲ್ಲವೂ ಗೂಗಲ್ ಖಾತೆಯ ಸುತ್ತ ತಿರುಗುತ್ತದೆ.

ನಪಾಸಾದ ಯಂತ್ರಕ್ಕೆ ಹಿಂಬಾಗಿಲಿನಿಂದ ವಿಂಡೋಸ್ 11 ಹಾಕುವ ಉಪಾಯಗಳನ್ನು ಮಕ್ಕಳು ತೋರಿಸಬಹುದು. ಹಾಗೆ ಹಾಕಿದ ಯಂತ್ರಕ್ಕೆ ತೇಪೆಗಳ ಭರವಸೆ ಇಲ್ಲವೆಂದು ತಯಾರಕರೇ ಹೇಳಿದ್ದಾರೆ. ತೇಪೆಗಾಗಿಯೇ ಇಷ್ಟೆಲ್ಲ ಮಾಡುತ್ತಿರುವಾಗ ಅದನ್ನೇ ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಆಪಲ್ ಯಂತ್ರದವರು ನಗಬೇಡಿ. ನಿಮ್ಮ ಸರದಿಯೂ ಬಂದಿದೆ. 2025ರಲ್ಲಿ ಬಂದ ಮ್ಯಾಕ್ ಓಎಸ್ ಟಾಹೋ, ಇಂಟೆಲ್ ಪ್ರಾಸೆಸರಿನ ಮ್ಯಾಕ್‌ಗಳಿಗೆ ಕೊನೆಯದೆಂದು ಆಪಲ್ ಪ್ರಕಟಿಸಿತು. ಅದೂ ಇಂಟೆಲ್ ಮ್ಯಾಕ್‌ಗಳಲ್ಲಿ ಕೆಲವೇ ಮಾದರಿಗಳಿಗೆ ಮಾತ್ರ. ಉಚಿತದ ಪಥ್ಯ ಅಲ್ಲಿಯೂ ಇದೆ.

ಒಂದು ಮನೆಯ ಲೆಕ್ಕ

ನಮ್ಮ ಸಂಘದ ಒಂದು ಕುಟುಂಬದ ಲೆಕ್ಕವನ್ನು ಅವರ ಅನುಮತಿಯಿಂದ ಇಲ್ಲಿ ಕೊಡುತ್ತೇವೆ. ಮನೆಯಲ್ಲಿ ಯಂತ್ರಗಳು ಮೂರು. ಮಗಳ ಲ್ಯಾಪ್‌ಟಾಪು 2020ರದು. ಮನೆಯ ಯಜಮಾನರ ತಂದೆಯವರು ಬಳಸುವ ಡೆಸ್ಕ್‌ಟಾಪು 2016ರದು, ಇಂಟೆಲ್‌ನ 6ನೆಯ ತಲೆಮಾರು. ನೆಲಮಾಳಿಗೆಯಲ್ಲಿ 2012ರ ಒಂದು ಲ್ಯಾಪ್‌ಟಾಪು, ಅದರಲ್ಲಿ ಇನ್ನೂ ವಿಂಡೋಸ್ 7.

ಒಂದು ಅಂಗಡಿಯವರು ಮೂರಕ್ಕೂ ವಿಂಡೋಸ್ 11 ಪ್ರೋ ಕೊಳ್ಳಿರೆಂದು ಚೀಟಿ ಬರೆದುಕೊಟ್ಟಿದ್ದರು. 199ರಂತೆ ಮೂರಕ್ಕೆ 597 ಡಾಲರ್, ಮೇಲೆ ಕೂಲಿ, ತೆರಿಗೆ. ಮೂರರಲ್ಲಿ ಎರಡು ಯಂತ್ರ ವಿಂಡೋಸ್ 11ಕ್ಕೆ ಅರ್ಹವೇ ಅಲ್ಲವೆಂಬ ಮಾತು ಆ ಚೀಟಿಯಲ್ಲಿರಲಿಲ್ಲ.

ತಂದೆಯವರು ಮಾತ್ರ ಒಪ್ಪಲಿಲ್ಲ. "ಉಳೋ ಎತ್ತನ್ನ ಸಂತೆಗೆ ಹೊಡೀತಾರೇನಪ್ಪ? ನನಗೆ ಇದರಲ್ಲೇ ಕೈ ಓಡುತ್ತೆ" ಎಂದರು. ಅವರ ಹಟಕ್ಕೆ ಕಾರಣ ಯಂತ್ರದ ಮೇಲಿನ ಮೋಹವಲ್ಲವೆಂದು ಆಮೇಲೆ ತಿಳಿಯಿತು. ತಮ್ಮ ಊರು, ಕೆರೆ, ಶಾಲೆ, ತೀರಿಹೋದ ಅಕ್ಕ-ಭಾವಂದಿರು, ಇವರನ್ನೆಲ್ಲ ಕುರಿತು ಅವರು ವರ್ಷಗಳಿಂದ ಬೆರಳಲ್ಲಿ ಕುಟ್ಟಿ ಕುಟ್ಟಿ ನಾನೂರು ಪುಟ ಬರೆದಿಟ್ಟಿದ್ದರು. ಅದೆಲ್ಲ ಹಳೆಯ ನುಡಿ ಫಾಂಟಿನಲ್ಲಿ, ಆ ಒಂದೇ ಯಂತ್ರದಲ್ಲಿ. ಇನ್ನೆಲ್ಲೂ ನಕಲಿಲ್ಲ. ಮನೆಯವರಿಗೆ ಅದು ಇದೆಯೆಂದೇ ಗೊತ್ತಿರಲಿಲ್ಲ. ಅಂಗಡಿಗೆ ಕೊಟ್ಟು ಡಿಸ್ಕ್ ಒರೆಸಿ ಹೊಸದು ಹಾಕಿಸಿದ್ದರೆ 597 ಡಾಲರಿನ ಜೊತೆಗೆ ನಾನೂರು ಪುಟವೂ ಹೋಗುತ್ತಿತ್ತು.

ಕೊನೆಗೆ ಆದದ್ದು ಹೀಗೆ. ಮೊದಲು ಮೂರೂ ಯಂತ್ರದ ಫೈಲುಗಳನ್ನು ಒಂದು ಹೊರಗಿನ ಡಿಸ್ಕಿಗೆ ಇಳಿಸಿದರು. ಮಗಳ ಲ್ಯಾಪ್‌ಟಾಪಿಗೆ ಉಚಿತವಾಗಿ ವಿಂಡೋಸ್ 11. ತಂದೆಯವರ ಡೆಸ್ಕ್‌ಟಾಪನ್ನು 30 ಡಾಲರ್ ಕೊಟ್ಟು ವಾಯಿದೆಗೆ ಸೇರಿಸಿದರು. ಅವರ ಬರಹ ಒನ್‌ಡ್ರೈವಿಗೆ ಹೋಗುವುದು ಬೇಡವೆಂದು ಹಣವನ್ನೇ ಕೊಟ್ಟರು. ನೆಲಮಾಳಿಗೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್. ಅದೀಗ ನಮ್ಮ ಕನ್ನಡ ತರಗತಿಯ ಮಕ್ಕಳ ಕೈಯಲ್ಲಿದೆ. ಲೈಸೆನ್ಸಿಗೆ ತೆತ್ತದ್ದು ಒಟ್ಟು 30 ಡಾಲರ್.

ನಮ್ಮ ಅಕ್ಷರಗಳ ವಿಷಯ

ಈ ಕುಟುಂಬದ ಕಥೆ ನಮ್ಮ ಅನೇಕ ಮನೆಗಳದ್ದೂ ಹೌದು. ಆದುದರಿಂದ ಕನ್ನಡದ ಕಡತಗಳ ಬಗ್ಗೆ ನಾಲ್ಕು ಮಾತು ಹೆಚ್ಚಾಗಿಯೇ ಬರೆಯುತ್ತೇವೆ.

ಹಿಂದೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳನ್ನು ಬಳಸುತ್ತಿದ್ದೆವು. 1998ರಲ್ಲಿ ಮೊದಲು ಬಂದ ಬರಹ, ಆಮೇಲೆ ಬಂದ ನುಡಿ, ಇವುಗಳ ಹಳೆಯ ಫಾಂಟುಗಳು ಈ ಬಗೆಯವು. ಕಣ್ಣಿಗೆ ಕಾಣುವುದು ಕನ್ನಡ, ಯಂತ್ರದ ಹೊಟ್ಟೆಯಲ್ಲಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅದೇ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಕಲಸುಮೇಲೋಗರ ಕಾಣುತ್ತದೆ. ಕಡತ ಕೆಟ್ಟಿತೆಂದು ತಿಳಿದು ಅಳಿಸಿಬಿಟ್ಟವರೂ ಇದ್ದಾರೆ. ಅಳಿಸಬೇಡಿ. ಹಳೆಯ ಫಾಂಟನ್ನು ಹಾಕಿದರೆ ಕನ್ನಡ ಮತ್ತೆ ಮೂಡುತ್ತದೆ.

ಆದುದರಿಂದ ಹಳೆಯ ಯಂತ್ರ ಬಿಡುವ ಮುನ್ನ, ಕಡತಗಳ ಜೊತೆಗೆ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಎಂಬಲ್ಲಿಂದ ನುಡಿ, ಬರಹದ ಫಾಂಟುಗಳನ್ನೂ ನಕಲು ಮಾಡಿಕೊಳ್ಳಿ. ಪ್ರತಿ ಕಡತದ ಒಂದು ಪಿಡಿಎಫ್ ಪ್ರತಿಯನ್ನು ಹಳೆಯ ಯಂತ್ರದಲ್ಲೇ ಮಾಡಿಟ್ಟುಕೊಳ್ಳಿ; ಅದು ಎಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ. ಬಳಿಕ ನಿಧಾನವಾಗಿ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಇದಕ್ಕೆ ಉಚಿತ ಪರಿವರ್ತಕಗಳಿವೆ. ಅರ್ಕಾವೊತ್ತು, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪು ಉಳಿಯಬಹುದು, ಒಮ್ಮೆ ಓದಿ ತಿದ್ದಬೇಕು. ಆ ಓದುವ ಕೆಲಸವನ್ನು ಮೊಮ್ಮಕ್ಕಳಿಗೆ ಕೊಟ್ಟರೆ ಎರಡು ಲಾಭ.

ಯೂನಿಕೋಡಿನಲ್ಲಿ ಬರೆದದ್ದಕ್ಕೆ ಈ ಭಯವಿಲ್ಲ. ವಿಂಡೋಸಿನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನೊಡನೆ. ವಿಂಡೋಸ್ 10 ಮತ್ತು 11ರಲ್ಲಿ ನಿರ್ಮಲಾ ಫಾಂಟ್ ಎಲ್ಲರಿಗೂ ಇದೆ. ತುಂಗಾ ಮಾತ್ರ ಆಪ್ಷನಲ್ ಫೀಚರ್ಸ್ ಎಂಬಲ್ಲಿ ಕನ್ನಡದ ಹೆಚ್ಚುವರಿ ಫಾಂಟುಗಳೆಂದು ಆರಿಸಿಕೊಂಡರೆ ಬರುತ್ತದೆ, ಖರ್ಚಿಲ್ಲದೆ. ತುಂಗಾದಲ್ಲಿ ಬರೆದ ಹಳೆಯ ಆಮಂತ್ರಣ ಪತ್ರಿಕೆ ಬೇರೆ ರೂಪದಲ್ಲಿ ಕಂಡರೆ ಕಾರಣ ಇದು. ಇಂಗ್ಲಿಷ್ ಅಕ್ಷರ ಕುಟ್ಟಿ ಕನ್ನಡ ಮೂಡಿಸುವ ಫೊನೆಟಿಕ್ ಕೀಲಿಮಣೆಯೂ 2019ರಿಂದ ವಿಂಡೋಸಿನಲ್ಲೇ ಇದೆ. ಲಿನಕ್ಸಿನಲ್ಲಿಯೂ ಕನ್ನಡ ಬರೆಯಬಹುದು, ಓದಬಹುದು.

ಫೋನಿನ ಕಳ್ಳರು

ಇಂಥ ಗಡುವು ಬಂದಾಗಲೆಲ್ಲ ಕಳ್ಳರಿಗೂ ಸುಗ್ಗಿ. "ನಿಮ್ಮ ವಿಂಡೋಸ್ ಮುಗಿದಿದೆ, ಈ ಸಂಖ್ಯೆಗೆ ಫೋನ್ ಮಾಡಿ" ಎಂದು ತೆರೆ ತುಂಬ ಕೆಂಪಗೆ ಬಂದರೆ, ಅದು ಸುಳ್ಳು. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಎಂದೂ ಫೋನ್ ಸಂಖ್ಯೆ ಇರುವುದಿಲ್ಲ. ಅವರಾಗಿಯೇ ಫೋನ್ ಮಾಡಿ ದುರಸ್ತಿ ಮಾಡುತ್ತೇವೆ ಎನ್ನುವುದೂ ಇಲ್ಲ. ಗಿಫ್ಟ್ ಕಾರ್ಡ್ ಕೊಂಡು ಅದರ ಸಂಖ್ಯೆ ಹೇಳಿರೆಂದರೆ ಕೂಡಲೇ ಫೋನ್ ಇಟ್ಟುಬಿಡಿ. ಯಂತ್ರವನ್ನು ದೂರದಿಂದ ಹಿಡಿಯಲು ಅಪರಿಚಿತರಿಗೆ ಎಂದೂ ಬಿಡಬೇಡಿ.

ಹಗಲು ಮನೆಯಲ್ಲಿ ಒಬ್ಬರೇ ಇರುವ ತಂದೆ-ತಾಯಿಯರಿಗೆ, ಊರಿನಲ್ಲಿ ಹಳೆಯ ಯಂತ್ರ ಇಟ್ಟುಕೊಂಡಿರುವ ಅತ್ತೆ-ಮಾವಂದಿರಿಗೆ ಇದನ್ನು ಕನ್ನಡದಲ್ಲೇ ಎರಡು ಸಲ ಹೇಳಿರಿ. ಇಂಗ್ಲಿಷಿನಲ್ಲಿ ಗದರಿಸಿ ಮಾತನಾಡುವವನ ಮುಂದೆ ಹಿರಿಯರು ತಬ್ಬಿಬ್ಬಾಗುತ್ತಾರೆ. ಕಳ್ಳರಿಗೆ ಬೇಕಾದದ್ದೂ ಅದೇ. "ಮಗನನ್ನು ಕೇಳಿ ಹೇಳುತ್ತೇನೆ" ಎಂಬ ಒಂದು ಉತ್ತರವನ್ನು ಅವರಿಗೆ ಕಲಿಸಿಕೊಟ್ಟರೆ ಅರ್ಧ ಗೆದ್ದಂತೆ.

ಸಾರಾಂಶ

ನಕಲು ಮೊದಲು, ಮಿಕ್ಕಿದ್ದೆಲ್ಲ ಆಮೇಲೆ. ಯಂತ್ರ ಪಾಸಾದರೆ ವಿಂಡೋಸ್ 11, ಖರ್ಚು ಸೊನ್ನೆ. ನಪಾಸಾದರೆ ವಾಯಿದೆ, ಇಲ್ಲಿ ಸೊನ್ನೆ ಅಥವಾ 30 ಡಾಲರ್. ವಾಯಿದೆಯ ಕೊನೆಯ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ವಾಯಿದೆ ತೀರಿದರೆ ಲಿನಕ್ಸ್ ಅಥವಾ ಹೊಸ ಯಂತ್ರ. ಹೊಸದು ಕೊಂಡರೆ ವಿಂಡೋಸ್ ಅದರ ಬೆಲೆಯಲ್ಲೇ ಸೇರಿರುತ್ತದೆ, ಬೇರೆ ಕೊಳ್ಳಬೇಡಿ. ಯಾವ ದಾರಿಗೂ ಸೇರದ ಯಂತ್ರವನ್ನು ಇಂಟರ್ನೆಟ್ಟಿನಿಂದ ಬಿಡಿಸಿ, ಬರೆಯುವುದಕ್ಕೆ ಮಾತ್ರ ಇಟ್ಟುಕೊಂಡರೂ ಅಡ್ಡಿಯಿಲ್ಲ.

ಹಳೆಯ ಯಂತ್ರ ದಾನ ಕೊಡಬೇಕೆನ್ನುವವರು ಡಿಸ್ಕನ್ನು ಪೂರ್ತಿ ಒರೆಸಿ, ಕನ್ನಡ ತರಗತಿಗೆ ತಂದುಕೊಡಿ. ಮಿಂಟ್ ಹಾಕಿ ಮಕ್ಕಳಿಗೆ ಒದಗಿಸುವ ಕೆಲಸವನ್ನು ನಮ್ಮ ಯುವಕರು ಒಪ್ಪಿಕೊಂಡಿದ್ದಾರೆ. ಆದರೆ ಒರೆಸುವ ಮುನ್ನ ಮನೆಯ ಹಿರಿಯರನ್ನು ಒಂದು ಮಾತು ಕೇಳಿ: "ಅಪ್ಪಾಜಿ, ಅಮ್ಮಾ, ಇದರಲ್ಲಿ ನಿಮ್ಮದೇನಾದರೂ ಇದೆಯಾ?"

ಇನ್ನೇನಾದರೂ ಸಂದೇಹವಿದ್ದರೆ ಸಂಘದ ವಿಳಾಸಕ್ಕೆ ಬರೆಯಿರಿ. ಯಂತ್ರ ಕೊಂಡ ವರ್ಷವನ್ನೂ ಪ್ರಾಸೆಸರಿನ ಹೆಸರನ್ನೂ ಬರೆಯಲು ಮರೆಯಬೇಡಿ. ಮುಂದಿನ ಸಂಚಿಕೆಯಲ್ಲಿ ಹಳೆಯ ಫೋಟೋ ಮತ್ತು ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಖರ್ಚುವೆಚ್ಚದ ಬಗ್ಗೆ ಬರೆಯುತ್ತೇವೆ.